ಮೊಳ, ಮಾರು, ಹರದಾರಿ: ಮಕ್ಕಳಿಗೆ ಬುರುಡೆ ಬಿಡಲು ಕಲಿಸಿದ ನನ್ನ ಅನುಭವ

ಮಿನ್ನೆಸೋಟದ ನಮ್ಮ ಭಾನುವಾರದ ಕನ್ನಡ ತರಗತಿಗೆ ಅಮೆರಿಕದ ಜನಪದ ಬುರುಡೆಕಥೆಗಳ ಮರ ಕಡಿಯುವ ದೈತ್ಯ ಪಾಲ್ ಬನ್ಯನ್‌ನನ್ನು ತರುತ್ತೇನೆ ಎಂದಾಗ ಪೋಷಕರು ಮುಖ ಗಂಟಿಕ್ಕಿದರು. "ಸುಳ್ಳು ಹೇಳುವುದಕ್ಕೂ ಪಾಠ ಬೇಕೇ?" ಎಂದರು ಒಬ್ಬ ತಂದೆ. ಇದು ಮೂರನೆಯ ವರ್ಷ. ಈಗ ಅವರ ಮಗಳನ್ನು ಮೀರಿಸುವವರು ತರಗತಿಯಲ್ಲಿ ಇಲ್ಲ.

ಮೊದಲ ವರ್ಷ ಪೂರ್ತಿ ಸೋತೆ. ಕಥೆ ಓದಿ ಹೇಳಿದೆ, ಚೌಕಳಿ ಅಂಗಿ ತೊಡಿಸಿದೆ, ಎಂಟು ಅಡಿ ಬಟ್ಟೆಯ ಮೇಲೆ ಬನ್ಯನ್‌ನ ನೀಲಿ ಎತ್ತು ಬೇಬ್‌ನನ್ನು ಬರೆಸಿದೆ. ಕೈಯಿಂದ ಸುಮಾರು 140 ಡಾಲರ್ ಹೋಯಿತು. ಬಟ್ಟೆ ಮುಗಿದಲ್ಲಿ ಎತ್ತೂ ಮುಗಿಯಿತು, ಮಕ್ಕಳ ಊಹೆಯೂ ನಿಂತಿತು.

ಮರುವರ್ಷ ಇನ್ನೂರು ಡಾಲರ್ ಕೊಟ್ಟು ವ್ಯಾನ್ ಹಿಡಿದು ಉತ್ತರ ಮಿನ್ನೆಸೋಟದ ಬೆಮಿಜಿ ಊರಿಗೆ ಕರೆದೊಯ್ದೆ. ಅಲ್ಲಿನ ಬನ್ಯನ್ ಪ್ರತಿಮೆ 1937ರದು, 18 ಅಡಿ ಎತ್ತರ. "ಇಷ್ಟೇನಾ ಆಂಟಿ?" ಎಂದ ಒಬ್ಬ ಹುಡುಗ. ಬರುವಾಗ ಮೂರೂವರೆ ಗಂಟೆ ಮಕ್ಕಳೇ ಬನ್ಯನ್‌ನನ್ನು ಮಾತಿನಲ್ಲಿ ಬೆಳೆಸಿದರು. ನಾನು ಬಾಯಿ ಬಿಡಲಿಲ್ಲ. ದಾರಿ ಸಿಕ್ಕಿದ್ದು ಅಲ್ಲಿ.

ಮರ ಕಡಿಯುವವರ ಬಿಡಾರಗಳಲ್ಲಿ ಹಳಬರು ಹೊಸಬರ ಮುಂದೆ ಇಂಥ ಕಥೆಗಳನ್ನು ಗಂಭೀರವಾಗಿ ಬಿಡುತ್ತಿದ್ದರು. ನಾನೂ ಹಾಗೆಯೇ ಕೂರಿಸಿದೆ: ದೊಡ್ಡ ಮಕ್ಕಳು ಹಳಬರು, ಚಿಕ್ಕವರು ಹೊಸಬರು. ಮನೆಯಲ್ಲಿರುವ ನಿಜವಾದ ವಸ್ತುವಿನಿಂದ ಆರಂಭಿಸಬೇಕು. ಹೇಳುವವರು ನಕ್ಕರೆ ಸರದಿ ಹೋಯಿತು. "ತುಂಬಾ ದೊಡ್ಡದು" ಎನ್ನುವಂತಿಲ್ಲ, ಅಳತೆ ಹೇಳಬೇಕು. ಗೇಣು, ಮೊಳ, ಮಾರು, ಖಂಡುಗ, ಹರದಾರಿ: ಪಟ್ಟಿ ಬರೆಸಿ ಕಲಿಸಲು ಎರಡು ವರ್ಷ ಹೆಣಗಿದ ಪದಗಳು ಐದಾರು ವಾರಗಳಲ್ಲಿ ನಾಲಿಗೆಗೆ ಹತ್ತಿದವು. ಸರದಿಗೆ ಮೊದಲು ಪ್ರತಿ ಮಗುವಿನ ಕಿವಿಯಲ್ಲಿ ಒಂದು ಮಾತು ಹೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಕುಂಭಕರ್ಣನನ್ನೂ ಪ್ರಯತ್ನಿಸಿದೆ, ಕೂಡಿ ಬರಲಿಲ್ಲ. ಅವನು ಅಜ್ಜಿಯ ಬಾಯಿಂದ ಬಂದವನು, ಮಕ್ಕಳು ಅವನಿಗೆ ಒಂದು ಮೊಳವನ್ನೂ ಸೇರಿಸಲು ಒಪ್ಪಲಿಲ್ಲ. ಬನ್ಯನ್ ಕಥೆಗೆ "ನಾನೇ ಕಣ್ಣಾರೆ ಕಂಡೆ" ಎನ್ನುವವರು ಬೇಕು. ಅವನ ದೋಸೆಕಾವಲಿಗೆ ಎಣ್ಣೆ ಸವರಲು ಆಳುಗಳು ಕಾಲಿಗೆ ಹಂದಿ ಕೊಬ್ಬು ಕಟ್ಟಿಕೊಂಡು ಜಾರುತ್ತಿದ್ದರಂತೆ. ಅದನ್ನು ಕೇಳಿದ್ದೇ ತಡ, ಆ ಕಾವಲಿಯ ಮೇಲೆ ಜಾರಿದೆವು ಎನ್ನಲು ಏಳು ಮಕ್ಕಳು ಎದ್ದರು! ಅಮೆರಿಕದ ಇನ್ನೊಬ್ಬ ಜನಪದ ವೀರ ಜಾನ್ ಹೆನ್ರಿಯನ್ನು ಅದೇ ದಿನ ತಂದದ್ದು ತಪ್ಪಾಯಿತು. ಉಗಿಯಂತ್ರವನ್ನು ಗೆದ್ದು ಸುತ್ತಿಗೆ ಹಿಡಿದೇ ಸಾಯುವವನು ಅವನು. ಮಕ್ಕಳು ಮೌನವಾದರು. ಅವನಿಗೆ ಈಗ ಬೇರೆ ವಾರವಿದೆ.

ಚಳಿಗೆ ಮಾತೇ ಹೆಪ್ಪುಗಟ್ಟಿದ ಹಳೆಯ ಬುರುಡೆಯನ್ನು ಜನವರಿಯಲ್ಲೇ ಹೇಳುತ್ತೇನೆ. ಕಳೆದ ಸಲ, ಯಾರೂ ಮೀರಿಸಲಾಗದ ಆ ಹುಡುಗಿ ಎದ್ದು ನಿಂತಳು: "ಬಸ್ಸು ಹತ್ತುವಾಗ 'ಅಮ್ಮಾ, ಬರುತ್ತೇನೆ' ಎಂದೆ. ಮಾತು ಮೂರು ಮಾರು ಉದ್ದ ಹೆಪ್ಪುಗಟ್ಟಿ ಬಾಗಿಲಿಗೆ ಅಡ್ಡ ಬಿತ್ತು. ಅಮ್ಮನಿಗೆ ಅದು ಕೇಳಿಸಿದ್ದು ಏಪ್ರಿಲ್‌ನಲ್ಲಿ." ಅವಳ ತಂದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. "ಹೌದು, ಅದನ್ನು ಸಲಿಕೆಯಿಂದ ಸರಿಸಿದವನು ನಾನೇ" ಎಂದರು.