ಪೂಲ್ ಪಂಪಿಗೆ ವೈರಿಂಗ್ ಪೈಪ್: ಕೊನೆಯ ಒಂದಡಿ ಸರಿಯಾಗಿ ನೋಡಿ

ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಪಂಪ್ ಆನ್ ಮಾಡಿದ ಕೂಡಲೇ ಟ್ರಿಪ್ ಆಗುತ್ತಿತ್ತು. ಮೇನ್ ಆಫ್ ಮಾಡಿ ಟರ್ಮಿನಲ್ ಬಾಕ್ಸ್ (ಪಂಪಿಗೆ ವೈರ್ ಸೇರುವ ಡಬ್ಬಿ) ಬಿಚ್ಚಿದರೆ ಒಳಗೆ ಅರ್ಧ ಚಮಚ ನೀರು, ಸ್ಕ್ರೂಗಳ ಮೇಲೆ ಹಸಿರು ಕಿಲುಬು. ಗಟ್ಟಿ ಪಿವಿಸಿ ಪೈಪನ್ನು ಗೋಡೆಯಿಂದ ನೇರ ಬಾಕ್ಸಿಗೆ ಇಳಿಸಿದ್ದರು. ಮೋಟಾರ್ ಅದುರಿ ಅದುರಿ ಜಾಯಿಂಟ್ ಬಿಟ್ಟಿತ್ತು. ಮಳೆನೀರು ಪೈಪಿನ ಗುಂಟ ಒಳಗೆ ಹೋಗಿತ್ತು.

ಗೋಡೆ ತನಕ ಗಟ್ಟಿ ಪೈಪ್ ಇರಲಿ. ಅಲ್ಲಿಂದ ಪಂಪಿಗೆ ನೀರು ಒಳಗೆ ಬಿಡದ ಫ್ಲೆಕ್ಸಿಬಲ್ ಪೈಪ್ ಹಾಕಿಸಿ. ಅದು ಬಾಕ್ಸಿಗಿಂತ ಕೆಳಗೆ ಜೋತುಬಿದ್ದು, ಆಮೇಲೆ ಮೇಲೇರಿ ಸೇರಬೇಕು. ಆಗ ಹೊರಗಿನ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಬಾಕ್ಸಿನ ಬಾಯಿಗೆ ರಬ್ಬರ್ ವಾಷರ್ ಇರುವ ಗ್ಲ್ಯಾಂಡ್ (ಪೈಪನ್ನು ಬಿಗಿಹಿಡಿದು ಸಂದು ಮುಚ್ಚುವ ಬಿರಡೆ) ಬೇಕೇ ಬೇಕು. ಸುಮ್ನೆ ಟೇಪ್ ಸುತ್ತಿ ಬಿಡಬೇಡಿ.

ಕ್ಲೋರಿನ್ ಇಡುವ ರೂಮಿನಲ್ಲಿ ಕಬ್ಬಿಣದ ಪೈಪ್ ಬೇಗ ತುಕ್ಕು ಹಿಡಿಯುತ್ತದೆ, ಪಿವಿಸಿಯೇ ವಾಸಿ. ಆದರೆ ಅದರೊಳಗೆ ಅರ್ಥ್ ವೈರ್ ಬೇರೆಯಾಗಿ ಎಳೆಯಲೇಬೇಕು. ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ? ಈ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಇವತ್ತೇ ಹಾಕಿಸಿ. ನೀರಿನಲ್ಲಿ ಮಕ್ಕಳಿರುತ್ತಾರೆ. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ನೀವು ಪಕ್ಕದಲ್ಲಿ ನಿಂತು ಆ ಬಾಗು ಬಿಟ್ಟಿದ್ದಾರಾ ಅಂತ ನೋಡಿ.