ಕಡ್ಡಿಯಾಗಿದ್ದ ಹಾವಿನ ಹುರುಪೆ ಎಣಿಸಿದ ಕತೆ

ನಮ್ಮ ಪ್ರಾಣಿ ಸಂಗ್ರಹದ ಒಂದು ಜಾಡಿಯ ಮುಚ್ಚಳ ತುಕ್ಕು ಹಿಡಿದಿತ್ತು, ಒಳಗಿನದನ್ನು ಕೆಡದಂತೆ ಇಡುವ ಸ್ಪಿರಿಟ್, ಅಂದರೆ ಆಲ್ಕೋಹಾಲ್, ಪೂರ್ತಿ ಹಾರಿಹೋಗಿತ್ತು. ತಳದಲ್ಲಿ ಮೊಳದುದ್ದದ ಹಾವೊಂದು ಒಣಬಳ್ಳಿಯ ಹಾಗೆ ಸುತ್ತಿಕೊಂಡು ಬಿದ್ದಿತ್ತು. ಹೆಸರಿನ ಚೀಟಿ ಮುಟ್ಟಿದರೆ ಪುಡಿ. "ಬಿಸಾಕಿ ಸಾರ್, ಅದು ಸೌದೆ" ಅಂದರು ಜೊತೆಗಿದ್ದವರು. ಮೀನು ವಿಭಾಗದ ಹಿರಿಯರೊಬ್ಬರು ನಕ್ಕೇಬಿಟ್ಟರು. ಆ ನಗು ನನಗೆ ಚೆನ್ನಾಗಿ ನೆನಪಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಣಗಿದ ಪ್ರಾಣಿಯನ್ನು ಟ್ರೈಸೋಡಿಯಂ ಫಾಸ್ಫೇಟ್ ಎಂಬ ಕ್ಷಾರ ಪುಡಿಯ ದ್ರಾವಣದಲ್ಲಿ ನೆನೆಸಿ ಮತ್ತೆ ಮೆತ್ತಗೆ ಮಾಡುವ ವಿಧಾನ 1947ರಷ್ಟು ಹಳೆಯದು, ಈ ಕೆಲಸದವರಿಗೆಲ್ಲ ಗೊತ್ತು. ಗೊತ್ತಿರುವುದು ಬೇರೆ, ಕೈಗೆ ಹತ್ತುವುದು ಬೇರೆ. ಮೊದಲು ಒಂದು ಬೇವಾರಸಿ ಹಲ್ಲಿಯ ಮೇಲೆ ಪ್ರಯೋಗ ಮಾಡಿದೆ. ಅವಸರಕ್ಕೆ ದ್ರಾವಣ ಗಟ್ಟಿ ಮಾಡಿ ಬಿಸಿಯನ್ನೂ ಏರಿಸಿದೆ. ಬೆಳಿಗ್ಗೆ ನೋಡಿದರೆ ಚರ್ಮ ಒಂದು ಕಡೆ, ಹಲ್ಲಿ ಒಂದು ಕಡೆ. ಎರಡನೆಯದನ್ನು ಬರೀ ನೀರಿನಲ್ಲಿ ಇಟ್ಟೆ, ನಾಲ್ಕನೇ ದಿನಕ್ಕೆ ಬೂಷ್ಟು. ಮೂರನೆಯದು ಚೆನ್ನಾಗಿಯೇ ಉಬ್ಬಿತ್ತು. ಖುಷಿಯಲ್ಲಿ ನೇರ ಶೇಕಡಾ 70ರ ಸ್ಪಿರಿಟ್‌ಗೆ ಇಳಿಸಿದೆ, ಗಂಟೆಯೊಳಗೆ ಹುಣಸೆಹಣ್ಣಿನ ಹಾಗೆ ಮುದುಡಿತು. ಅದರ ಮೇಲೆ ಒಂದು ತಿಂಗಳು ಆ ಕೋಣೆಗೇ ಹೋಗಲಿಲ್ಲ.

ಹಾವಿಗೆ ಲೀಟರ್ ನೀರಿಗೆ ಆ ಪುಡಿ ಸುಮಾರು 5 ಗ್ರಾಂ, ಅದಕ್ಕಿಂತ ಹೆಚ್ಚಿಲ್ಲ. ಬಿಸಿ 35 ಡಿಗ್ರಿ ಆಸುಪಾಸು, ಕೈಗೆ ಉಗುರುಬೆಚ್ಚಗೆ. ದ್ರಾವಣ ಟೀ ಬಣ್ಣಕ್ಕೆ ತಿರುಗಿದಾಗಲೆಲ್ಲ ಬದಲಿಸಿದೆ. ತೇಲುತ್ತಿದ್ದದ್ದು ಐದಾರು ದಿನಕ್ಕೆ ಮುಳುಗಿತು. ಮುಳುಗಿದ ಮೇಲೆ ತಡಮಾಡಬಾರದು, ಕ್ಷಾರ ಮಾಂಸವನ್ನೇ ತಿನ್ನಲು ಶುರುಮಾಡುತ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು 20, 35, 50, 70 ಅಂತ ಮೆಟ್ಟಿಲು ಮೆಟ್ಟಿಲಾಗಿ ಸ್ಪಿರಿಟ್ ಏರಿಸಿದೆ, ಒಂದೊಂದರಲ್ಲೂ ಎರಡು ದಿನ. ಸುತ್ತಿಕೊಂಡಿದ್ದ ಬೆನ್ನು ಮುರಿಯದಂತೆ ಹೇಗೆ ಬಿಡಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ಹಲ್ಲಿ ಬಲಿ ಕೊಟ್ಟು ಕಲಿತದ್ದು ಅದು.

ಖರ್ಚಿನ ಮಾತಿಗೆ ಬಂದರೆ, ಪುಡಿ ಅಗ್ಗ, ನುಂಗುವುದು ಸ್ಪಿರಿಟ್. ವರ್ಷದ ಅನುದಾನದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಬರೀ ಜಾಡಿ ತುಂಬಿಸಲಿಕ್ಕೇ ಹೋಗುತ್ತದೆ. ಮುಚ್ಚಳ ಬದಲಿಸಿ ಅಂತ ಕೇಳಿದರೆ ದುಡ್ಡಿಲ್ಲ ಅನ್ನುತ್ತಾರೆ, ಹಾರಿಹೋಗುವ ಸ್ಪಿರಿಟ್‌ಗೆ ಮಾತ್ರ ಪ್ರತಿ ವರ್ಷ ಸಹಿ ಹಾಕುತ್ತಾರೆ! ಇನ್ನೊಂದು: ಜಾಡಿಯಿಂದ ನೀರಿಗಿಂತ ಮೊದಲು ಹಾರುವುದು ಆಲ್ಕೋಹಾಲ್. ಕಡಿಮೆಯಾದಾಗಲೆಲ್ಲ ಕಣ್ಣು ಮುಚ್ಚಿ 70ರದ್ದನ್ನೇ ಸುರಿಯುತ್ತ ಹೋದರೆ ಒಳಗಿನದು ಮತ್ತೆ 70 ಮುಟ್ಟುವುದೇ ಇಲ್ಲ. ನಾನು ಸ್ಪಿರಿಟ್‌ನ ಗಡಸು ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡದೆ ಒಂದು ಜಾಡಿಯನ್ನೂ ತುಂಬಿಸುವುದಿಲ್ಲ. ಒಮ್ಮೆ 40ಕ್ಕಿಂತ ಕೆಳಗೆ ತೋರಿಸಿತ್ತು. ಒಳಗಿದ್ದ ಕಪ್ಪೆಗಳ ಗತಿ ಕೇಳಬೇಡಿ.

ನಡುವೆ ಇದೇ ಹುರುಪಿನಲ್ಲಿ ನಾಲ್ಕು ಒಣ ಮೀನುಗಳನ್ನೂ ನೆನೆಸಿದೆ. ರೆಕ್ಕೆಯ ಕಡ್ಡಿಗಳು ಮೊದಲೇ ಮುರಿದಿದ್ದವು, ಎಣಿಕೆಗೆ ಸಿಗಲಿಲ್ಲ. ಹಾಗಾದರೆ ಎಲುಬಾದರೂ ನೋಡೋಣ ಅಂತ ಒಂದನ್ನು ಮಾಂಸ ಜೀರ್ಣಿಸುವ ಕಿಣ್ವವಾದ ಟ್ರಿಪ್ಸಿನ್‌ನಲ್ಲಿ ಪಾರದರ್ಶಕ ಮಾಡಿ, ಎಲುಬಿನ ಸುಣ್ಣಕ್ಕೆ ಹತ್ತುವ ಅಲಿಜರಿನ್ ಕೆಂಪು ಬಣ್ಣಕ್ಕೆ ಹಾಕಿದೆ. ಮೈ ಗಾಜಿನಂತಾಯಿತು, ಎಲುಬು ಮಾತ್ರ ಕೆಂಪಾಗಲೇ ಇಲ್ಲ. ಯಾರೋ ಪುಣ್ಯಾತ್ಮರು ಹುಳಿ ಮುರಿಯುವ ಬೊರಾಕ್ಸ್ ಬೆರೆಸದ ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಬಿಟ್ಟಿದ್ದಿರಬೇಕು, ಹುಳಿ ಎಲುಬಿನ ಸುಣ್ಣವನ್ನೆಲ್ಲ ಕರಗಿಸಿತ್ತು.

ಹಾವಿಗೆ ವಾಪಸ್. ಚೀಟಿ ಹೋದ ಹಾವು ಯಾವುದೆಂದು ಗುರುತಿಸಲು ಮೈಕ್ರೋಸ್ಕೋಪ್ ಕೆಳಗೆ ಸೂಜಿ ಹಿಡಿದು ಹೊಟ್ಟೆಯ ಹುರುಪೆ ಎಣಿಸಿದೆ: 150. ಮತ್ತೆ ಎಣಿಸಿದೆ: 150. ಹಳೆಯ ದಾಖಲೆ ಪುಸ್ತಕದಲ್ಲಿ ಆ ಕಪಾಟಿನಿಂದ ಕಾಣೆಯಾದ ಒಂದೇ ಹಾವಿಗೆ 152 ಅಂತಿತ್ತು. ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ನಾವೆಲ್ಲ ಎಣಿಸುವುದು ಡೌಲಿಂಗ್ ಎಂಬ ಹಾವು ತಜ್ಞರು 1951ರಲ್ಲಿ ಹೇಳಿದ ಕ್ರಮದಲ್ಲಿ, ಎರಡೂ ಪಕ್ಕದಿಂದ ಬೆನ್ನಿನ ಮೊದಲ ಸಾಲು ತಾಗುವ ಹುರುಪೆಯಿಂದ. ಹಳಬರು ಗಂಟಲ ಕೆಳಗೆ ಅಗಲವಾಗಿ ಕಂಡದ್ದರಿಂದಲೇ ಶುರುಮಾಡುತ್ತಿದ್ದರು. ಹಾಗೆ ಎಣಿಸಿದೆ. 152. ಬಾಲದಡಿಯ ಜೋಡಿಗಳೂ, ಕಣ್ಣಿನ ಕೆಳಗಿನ ತುಟಿಯ ಹುರುಪೆಗಳೂ ಪುಸ್ತಕದಲ್ಲಿದ್ದಂತೆಯೇ ಇದ್ದವು.

ಹೊಸ ಚೀಟಿ ಬರೆದು, ಹಳೆಯ ಚೀಟಿಯ ಪುಡಿಯನ್ನೂ ಒಂದು ಪುಟ್ಟ ಸೀಸೆಯಲ್ಲಿ ಹಾಕಿ ಪಕ್ಕದಲ್ಲೇ ಇಟ್ಟೆ. ನಕ್ಕಿದ್ದ ಹಿರಿಯರು ಹೋದ ವಾರ ಬಂದಿದ್ದರು, ಕೈಯಲ್ಲಿ ಒಣಗಿದ ಹಾವುಮೀನಿನ ಜಾಡಿ.