ಕೇರ್ನ್ಸ್ ಪ್ರವಾಸ: ಬಯಲು ಮೊದಲು, ಹವಳ ಕೊನೆಗೆ

ಆಸ್ಟ್ರೇಲಿಯಾದ ಈಶಾನ್ಯ ಮೂಲೆಯ ಕೇರ್ನ್ಸ್‌ಗೆ ಹೋಗುವವರು ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲು ನೋಡಲೆಂದೇ ಹೋಗುತ್ತಾರೆ, ಅಲ್ವಾ? ನಾವೂ ಮೊದಲ ದಿನಕ್ಕೇ ಹವಳ ಎಂದು ಬರೆದುಕೊಂಡಿದ್ದೆವು. ಆದರೆ ಜೊತೆಗಿದ್ದ ಗೆಳೆಯನಿಗೆ ಸ್ಕೂಬಾ ಮಾಡುವ ಆಸೆ. ಸಿಲಿಂಡರ್ ಹೊತ್ತು ನೀರಿಗಿಳಿದವರು ಕೂಡಲೇ ವಿಮಾನ ಹತ್ತಬಾರದು ಎಂದು ನನಗೆ ಗೊತ್ತಿತ್ತು. ಗುಡ್ಡ ಹತ್ತುವುದೂ ಅಪಾಯ ಎಂದು ಆಗಲೇ ತಿಳಿದದ್ದು. ಮೈಗೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ರಕ್ತದಲ್ಲಿ ಗುಳ್ಳೆ ಏಳುತ್ತವೆ. ಕೇರ್ನ್ಸ್‌ನ ಬೆನ್ನಿಗಿರುವ ಅಥರ್ಟನ್ ಸೀಮೆಯ ಎತ್ತರ 700 ಮೀಟರ್‌ಗೂ ಜಾಸ್ತಿ. ಹಾಗಾಗಿ ಯೋಜನೆಯನ್ನೇ ತಿರುಗಿಸಿದೆವು. ಮೊದಲು ಒಳನಾಡು, ಆಮೇಲೆ ಕಾಡು, ಕೊನೆಗೆ ಸಮುದ್ರ.

ಆಗಸ್ಟ್ ತಿಂಗಳು, ಅಲ್ಲಿ ಒಣ ಕಾಲ. ಕಾರು ಬಾಡಿಗೆಗೆ ಹಿಡಿದೆವು. ಅಲ್ಲೂ ಎಡಗಡೆಯೇ ಓಡಿಸುವುದರಿಂದ ನಮಗೆ ಕಷ್ಟವಾಗಲಿಲ್ಲ. ಬಾಡಿಗೆಯ ಕರಾರನ್ನು ಮಾತ್ರ ಪೂರ್ತಿ ಓದಿ. ನಮ್ಮದರಲ್ಲಿ ಮಣ್ಣು ರಸ್ತೆಗೆ ಇಳಿಸಬಾರದು, ಒಳನಾಡಿನಲ್ಲಿ ಕತ್ತಲಾದ ಮೇಲೆ ಓಡಿಸಬಾರದು ಎಂದಿತ್ತು. ಸಂಜೆ ಕಾಂಗರೂಗಳು ರಸ್ತೆಗೆ ನುಗ್ಗುವುದನ್ನು ನೋಡಿದ ಮೇಲೆ ಅದು ಸುಮ್ನೆ ಬರೆದ ಮಾತಲ್ಲ ಎಂದು ಗೊತ್ತಾಯಿತು.

ನಾನು ತೀರ್ಥಹಳ್ಳಿ ಕಡೆಯವಳು. ಘಟ್ಟ ಹತ್ತುತ್ತಿದ್ದಂತೆ ಊರಿನದೇ ನೆನಪು. ತಿರುವಿನ ಮೇಲೆ ತಿರುವು, ಒದ್ದೆ ಮಣ್ಣಿನ ವಾಸನೆ. ಯುಂಗಬರಾ ಹತ್ತಿರ ಒಂದು ಆಲದ ಜಾತಿಯ ಮರ ಪರದೆ ಕಟ್ಟಿದ ಹಾಗೆ ಬೇರು ಇಳಿಬಿಟ್ಟು ನಿಂತಿದೆ. ರೇವನ್ಸ್‌ಹೋ ದಾಟಿ ಸ್ವಲ್ಪ ಹೊತ್ತಿಗೆ ಕಾಡು ಮುಗಿದೇ ಹೋಯಿತು. ಹಳದಿ ಹುಲ್ಲು, ಕೆಂಪು ನೆಲ, ಎಲ್ಲೆಲ್ಲೂ ಹುತ್ತ. ಆಗುಂಬೆಯಿಂದ ಚಿತ್ರದುರ್ಗದ ಕಡೆ ಹೋದ ಹಾಗೆ. ದಿಕ್ಕು ಮಾತ್ರ ಉಲ್ಟಾ. ಅಲ್ಲಿ ಸಮುದ್ರ ಇರುವುದು ಪೂರ್ವಕ್ಕೆ. ಆಗ್ನೇಯದಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಕರಾವಳಿಯ ಮೇಲೇ ಸುರಿದುಬಿಡುತ್ತದೆ. ಬೆಲೆಂಡೆನ್ ಕೆರ್ ಬೆಟ್ಟದ ತುದಿಯಲ್ಲಿ ವರ್ಷಕ್ಕೆ ಸುಮಾರು 8,000 ಮಿಲಿಮೀಟರ್ ಮಳೆ. ಪಶ್ಚಿಮಕ್ಕೆ ಹೋದಷ್ಟೂ ನೆಲ ಒಣಗುತ್ತದೆ. ನಿಜವಾದ ಮರಳುಗಾಡು ಇನ್ನೂ ತುಂಬಾ ದೂರ, ನಾವು ಅಲ್ಲಿಯವರೆಗೆ ಹೋಗಲಿಲ್ಲ.

ನಾವು ನಿಂತದ್ದು ಅಂಡಾರಾದಲ್ಲಿ. ಸುಮಾರು 1,90,000 ವರ್ಷಗಳ ಹಿಂದೆ ಹರಿದ ಲಾವಾ ಮೇಲ್ಗಡೆ ಗಟ್ಟಿಯಾಗಿ, ಒಳಗೆ ಹರಿಯುತ್ತಲೇ ಹೋಗಿ, ಉದ್ದುದ್ದ ಸುರಂಗಗಳನ್ನು ಬಿಟ್ಟಿದೆ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಸುರಂಗದ ಚಾವಣಿ ಕುಸಿದ ಕಡೆ ಗುಂಡಿಗಳಾಗಿವೆ. ಆ ಗುಂಡಿಗಳೊಳಗೆ ದಟ್ಟ ಹಸಿರು! ಮಳೆಕಾಡಿನ ನಂಟಿನ ಬಳ್ಳಿ, ಗಿಡಗಳು ತೇವ ಉಳಿದ ಆ ತಗ್ಗಿನಲ್ಲಿ ಬದುಕಿಕೊಂಡಿವೆ. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಇದೇ.

ವಾಪಸ್ ಬಂದು ಉತ್ತರಕ್ಕೆ ಹೊರಟೆವು. ಮಾಸ್‌ಮನ್ ಕಣಿವೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕುಕು ಯಲಾಂಜಿ ಜನರೇ ಕಾಡು ತೋರಿಸುತ್ತಾರೆ. ನಮ್ಮನ್ನು ಕರೆದೊಯ್ದವರು ಮೊದಲು ಹೊಗೆ ಹಾಕಿ, ಅದರೊಳಗೆ ನಮ್ಮನ್ನು ನಡೆಸಿದರು. ಒಂದು ಎಲೆಯನ್ನು ನೀರು ಹಾಕಿ ತಿಕ್ಕಿ ನೊರೆ ಬರಿಸಿದರು. ನಮ್ಮ ಅಂಟುವಾಳದ್ದೇ ನೊರೆ! ಇನ್ನೊಂದು ಗಿಡ ತೋರಿಸಿ ಮುಟ್ಟಲೇಬೇಡಿ ಎಂದರು. ಜಿಂಪಿ ಜಿಂಪಿ ಅಂತ ಅದರ ಹೆಸರು. ಹೃದಯದ ಆಕಾರದ ಎಲೆ, ತುರಿಚೆ ಗಿಡದ ಹಾಗೆ ಸಣ್ಣ ಮುಳ್ಳು, ಆದರೆ ನೋವು ತಿಂಗಳುಗಟ್ಟಲೆ ಇರಬಹುದು. ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನವನ್ನು 2021ರಲ್ಲಿ ಈ ಜನರಿಗೇ ಮರಳಿಸಿದ್ದಾರೆ. ಆ ಸುದ್ದಿ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು.

ಡೇನ್‌ಟ್ರೀ ನದಿಯನ್ನು ಕೇಬಲ್ ಹಿಡಿದು ಸಾಗುವ ಫೆರಿಯಲ್ಲಿ, ಕಾರಿನ ಸಮೇತ ದಾಟಬೇಕು. ನೀರಿಗೆ ಕೈ ಹಾಕಬೇಡಿ, ಮೊಸಳೆಗಳಿವೆ. ಆಚೆ ದಡದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಅಲ್ಲಿ ರಸ್ತೆ ಬದಿಯಲ್ಲಿ ಕ್ಯಾಸೊವರಿ ಎಂಬ ಹಾರಲಾರದ ದೊಡ್ಡ ಹಕ್ಕಿಯೊಂದು ಎರಡು ಮರಿಗಳನ್ನು ಕರೆದುಕೊಂಡು ಹೋಗುತ್ತಿತ್ತು. ಆ ಹಕ್ಕಿಗಳಲ್ಲಿ ಕಾವು ಕೊಡುವುದೂ ಮರಿ ಸಾಕುವುದೂ ಅಪ್ಪನ ಕೆಲಸ. ನಾವು ಕಾರಿನಿಂದ ಇಳಿಯಲಿಲ್ಲ.

ಕೊನೆಗೆ ಹವಳ. ಬೆಟ್ಟಕ್ಕೆ ಮಳೆ ತರುವ ಅದೇ ಗಾಳಿ ಆಗಸ್ಟ್‌ನಲ್ಲಿ ಸಮುದ್ರವನ್ನು ಕುಲುಕುತ್ತದೆ. ಹೋಗುವಾಗ ದಾರಿಯುದ್ದಕ್ಕೂ ನಾನು ವಾಂತಿ ಮಾಡಿಕೊಂಡೆ. ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ನುಂಗಬೇಕಿತ್ತು. ಆದರೂ ಉಸಿರಾಡುವ ಕೊಳವೆ ಸ್ನಾರ್ಕೆಲ್ ಕಚ್ಚಿ ಮುಖ ಮುಳುಗಿಸಿದ ತಕ್ಷಣ ಎಲ್ಲ ಮರೆತೆ. ಕಟಕಟ ಎಂದು ಸದ್ದು. ಗಿಳಿಮೀನುಗಳು ಹವಳದ ಮೈ ಕೆರೆದು ತಿನ್ನುವ ಸದ್ದು ಅದು. ಪಕ್ಕದಲ್ಲೇ ಪಾಚಿ ಹಿಡಿದ ಬೂದು ಹವಳವೂ ಇತ್ತು, ಸತ್ತದ್ದು. ನೀರು ಬಿಸಿಯಾದಾಗ ಹವಳ ತನ್ನ ಮೈಯೊಳಗೇ ಇದ್ದು ಆಹಾರ ಕೊಡುವ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2016ರಿಂದ 2024ರೊಳಗೆ ಇಲ್ಲಿ ಐದು ಸಲ ದೊಡ್ಡ ಪ್ರಮಾಣದಲ್ಲಿ ಹೀಗಾಗಿದೆ. ಬೂದು ಹವಳದ ಮೇಲೆ ಹೆಬ್ಬೆರಳಿನಷ್ಟು ನೇರಳೆ ಚಿಗುರೊಂದು ಎದ್ದಿತ್ತು. ಅದನ್ನೇ ಎಷ್ಟೋ ಹೊತ್ತು ನೋಡುತ್ತಾ ತೇಲಿದೆ.

ಮರುದಿನ, ಸ್ಕೂಬಾ ಮಾಡಿದ್ದ ಗೆಳೆಯನಿಗಾಗಿ ಕೇರ್ನ್ಸ್‌ನಲ್ಲೇ ಉಳಿದೆವು. ಕಡಲ ದಂಡೆಯಲ್ಲಿ ಕೂತರೆ ಬೆಟ್ಟದ ಮೇಲೆ ಕಪ್ಪು ಮೋಡ ಕವಿದಿತ್ತು. ಅದರಾಚೆ ಅಂಡಾರಾದಲ್ಲಿ ಆಗ ಸುಡುಬಿಸಿಲೇ ಇದ್ದಿರಬೇಕು.